ಟ್ರೈಲರ್ ಎಳೆಯುವ ಪಿಕಪ್‌ಗೆ ಏರ್ ಬ್ಯಾಗ್: ಆಯ್ಕೆ, ಅಳವಡಿಕೆ, ಗಾಳಿಯ ಲೆಕ್ಕ

ಟ್ರೈಲರ್ ಸಿಕ್ಕಿಸಿದ ಕೂಡಲೇ ಪಿಕಪ್‌ನ ಹಿಂಭಾಗ ಕುಸಿದು ಕೂರುತ್ತದೆ. ಮೂತಿ ಮೇಲೆ, ಬಾಲ ಕೆಳಗೆ. ರಾತ್ರಿ ಹೊರಟರೆ ಎದುರಿನವರು ಲೈಟ್ ಹಾಕಿ ಆರಿಸಿ ಬೈಯುತ್ತಾರೆ. ಯಾಕಂದ್ರೆ ನಿಮ್ಮ ಹೆಡ್‌ಲೈಟ್ ನೇರ ಅವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಸ್ಟೀರಿಂಗ್ ಎಂದಿಗಿಂತ ಹಗುರ. ಗುಂಡಿ ಬಿದ್ದ ಕಡೆ ಹಿಂದೆ 'ಧಡ್' ಎಂದು ಸದ್ದು. ಇದನ್ನು ಕಂಡವರೆಲ್ಲ ಕೊಡುವ ಸಲಹೆ ಒಂದೇ: "ಏರ್ ಬ್ಯಾಗ್ ಹಾಕಿಸಿಬಿಡಿ."

ಅಪಘಾತದಲ್ಲಿ ಉಬ್ಬುವ ಏರ್ ಬ್ಯಾಗ್ ಅಲ್ಲ ಇದು, ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗುವ ಗಾಳಿಯ ಚೀಲ. ಸಲಹೆ ತಪ್ಪಲ್ಲ. ಆದರೆ ಅದು ಕೊನೆಗೆ ಮಾಡಬೇಕಾದ ಕೆಲಸ, ಮೊದಲು ಮಾಡುವುದಲ್ಲ. ಅಮೆರಿಕದಲ್ಲಿ ಹಾಫ್ ಟನ್ ಪಿಕಪ್ (ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗ) ಇಟ್ಟುಕೊಂಡು, ಟ್ರಾವೆಲ್ ಟ್ರೈಲರ್ (ಒಳಗೆ ಉಳಿದುಕೊಳ್ಳಬಹುದಾದ ಚಕ್ರದ ಮನೆ) ಎಳೆದುಕೊಂಡು ಸ್ಟೇಟ್ ಪಾರ್ಕು ಸುತ್ತುವ ನಮ್ಮವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಫೋರ್ಡ್ ಎಫ್-150, ಶೆವಿ ಸಿಲ್ವರಾಡೊ 1500, ರಾಮ್ 1500, ಟೊಯೋಟಾ ಟಂಡ್ರಾ ಇವುಗಳಲ್ಲಿ ಯಾವುದಿದ್ದರೂ ಲೆಕ್ಕ ಒಂದೇ. ಅಳವಡಿಕೆಯಲ್ಲಿ ಮಾತ್ರ ವ್ಯತ್ಯಾಸ.

ಬ್ಯಾಗ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬೆಂಗಳೂರಿನಿಂದ ಐರಾವತ ಬಸ್ ಹತ್ತಿದವರಿಗೆ ಏರ್ ಸಸ್ಪೆನ್ಷನ್ ಹೊಸದಲ್ಲ. ಆ ವೋಲ್ವೋ ಬಸ್ಸುಗಳು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೇ ಕೂತಿರುತ್ತವೆ. ಪಿಕಪ್‌ಗೆ ನಾವು ಹಾಕುವುದು ಅದರ ಚಿಕ್ಕ ರೂಪ. ಇಲ್ಲಿ ಮೂಲ ಸ್ಪ್ರಿಂಗ್ ಎಲ್ಲಿಗೂ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಅಥವಾ ಒಳಗೆ ಒಂದು ಬ್ಯಾಗ್ ಕೂತು, ಭಾರ ಬಿದ್ದಾಗ ಕೈಜೋಡಿಸುತ್ತದೆ. ಟ್ರೈಲರ್ ಬಿಚ್ಚಿದ ಮೇಲೆ ಗಾಳಿ ಇಳಿಸಿದರೆ ಪಿಕಪ್ ಹೆಚ್ಚುಕಮ್ಮಿ ಮೊದಲಿನಂತೆಯೇ ಓಡುತ್ತದೆ. ಅದೇ ಇದರ ದೊಡ್ಡ ಲಾಭ. ಲಾರಿಗಳಿಗೆ ಮಾಡುವ ಹಾಗೆ ಇನ್ನೊಂದು ಪಟ್ಟಿ ಸೇರಿಸಿ ಲೀಫ್ ಸ್ಪ್ರಿಂಗ್ ಗಟ್ಟಿ ಮಾಡಿದರೆ, ಖಾಲಿ ಓಡುವಾಗಲೂ ಸೊಂಟ ಮುರಿಯುತ್ತದೆ.

ಬ್ಯಾಗ್ ಮಾಡದ ಕೆಲಸಗಳು ಮೂರು. ಗಾಡಿ ಹೊರಬಹುದಾದ ಭಾರವನ್ನು ಅದು ಒಂದು ಪೌಂಡ್ ಕೂಡ ಹೆಚ್ಚಿಸುವುದಿಲ್ಲ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್, ಫ್ರೇಮ್ ಎಲ್ಲ ಹಳೆಯವೇ ತಾನೆ? ಇದನ್ನು ಬ್ಯಾಗ್ ಮಾಡುವ ಕಂಪನಿಗಳೇ ಕಿಟ್‌ನ ಕೈಪಿಡಿಯಲ್ಲಿ ಬರೆದಿರುತ್ತವೆ. ಎರಡನೆಯದು, ಟ್ರೈಲರ್ ಬಾಲ ಆಡಿಸುವುದನ್ನು ಅದು ನಿಲ್ಲಿಸುವುದಿಲ್ಲ. ಮೂರನೆಯದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ: ಮುಂದಿನ ಆಕ್ಸಲ್ ಕಳೆದುಕೊಂಡ ತೂಕವನ್ನು ಬ್ಯಾಗ್ ವಾಪಸ್ ತಂದುಕೊಡುವುದಿಲ್ಲ. ಅದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಬಾಗಿಲು ತೆಗೆದು ಸ್ಟಿಕ್ಕರ್ ಓದಿ

ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಎರಡು ಸ್ಟಿಕ್ಕರ್ ಇರುತ್ತವೆ. ಒಂದರಲ್ಲಿ ಟೈರ್ ಪ್ರೆಷರ್ ಜೊತೆ, ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂಬ ಸಾಲು. ಅದೇ ನಿಮ್ಮ ಪೇಲೋಡ್. ಇನ್ನೊಂದರಲ್ಲಿ ಇಡೀ ಗಾಡಿಯ ಗರಿಷ್ಠ ತೂಕ, ಅಂದರೆ ಜಿವಿಡಬ್ಲ್ಯುಆರ್, ಮತ್ತು ಒಂದೊಂದು ಆಕ್ಸಲ್‌ನ ಮಿತಿಯಾದ ಜಿಎಡಬ್ಲ್ಯುಆರ್. ಎರಡರದೂ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ಹೇಳುವ "ಹನ್ನೆರಡು ಸಾವಿರ ಪೌಂಡ್ ಎಳೆಯುತ್ತದೆ" ಎಂಬ ಅಂಕಿ ನಿಮ್ಮ ಗಾಡಿಯದಲ್ಲ. ಸನ್‌ರೂಫ್, ಚರ್ಮದ ಸೀಟು, ದೊಡ್ಡ ಚಕ್ರ ಸೇರಿದಷ್ಟೂ ಪೇಲೋಡ್ ಇಳಿಯುತ್ತದೆ. ಸ್ಟಿಕ್ಕರ್ ಮಾತ್ರ ನಿಮ್ಮದೇ ಗಾಡಿಗೆ ಬರೆದ ಲೆಕ್ಕ.

ಒಂದು ಉದಾಹರಣೆ. ಪೇಲೋಡ್ 1,650 ಪೌಂಡ್ ಅಂತಿಟ್ಟುಕೊಳ್ಳಿ. ಟ್ರೈಲರ್ ತುಂಬಿದಾಗ 7,000 ಪೌಂಡ್. ಟ್ರಾವೆಲ್ ಟ್ರೈಲರ್ ತನ್ನ ತೂಕದ 10ರಿಂದ 15 ಶೇಕಡಾವನ್ನು ಹಿಚ್ (ಪಿಕಪ್‌ಗೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತಬೇಕು. ಅದಕ್ಕಿಂತ ಕಮ್ಮಿಯಾದರೆ ಹೈವೇಯಲ್ಲಿ ಅದು ಓಲಾಡತೊಡಗುತ್ತದೆ. 13 ಶೇಕಡಾ ಹಿಡಿದರೆ 910 ಪೌಂಡ್. ಹಿಚ್ ಉಪಕರಣ 90. ಗಂಡ, ಹೆಂಡತಿ, ಇಬ್ಬರು ಬೆಳೆದ ಮಕ್ಕಳು, ಸುಮಾರು 600. ಒಟ್ಟು 1,600. ಉಳಿದದ್ದು 50 ಪೌಂಡ್. ಆ ಐವತ್ತರಲ್ಲಿ ಕೂಲರ್, ಸೌದೆ, ಸೈಕಲ್, ನಾಯಿ, ಜೊತೆಗೆ ಏರ್ ಬ್ಯಾಗ್ ಕಿಟ್ಟಿನ ತೂಕ! ಹೌದು, ಕಿಟ್ ಕೂಡ ಪೇಲೋಡ್‌ನಲ್ಲೇ ಎಣಿಕೆ.

ಹಾಫ್ ಟನ್ ಪಿಕಪ್‌ಗಳಲ್ಲಿ ಎಳೆಯುವ ಶಕ್ತಿ ಮುಗಿಯುವ ಮೊದಲೇ ಹೊರುವ ಶಕ್ತಿ ಮುಗಿಯುತ್ತದೆ ಅನ್ನುವುದು ಇದಕ್ಕೇ. ಟ್ರೈಲರ್ ಬ್ರೋಶರ್‌ನ ಖಾಲಿ ತೂಕವನ್ನು ನಂಬಬೇಡಿ. ಒಂದು ಗ್ಯಾಲನ್ ನೀರು 8.3 ಪೌಂಡ್, ಅಂದರೆ 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್ ದಾಟಿತು. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ, ಅಕ್ಕಿ, ಬಿಟ್ಟಿರಲಾರದೆ ಹೊತ್ತುಕೊಂಡು ಹೋಗುವ ವೆಟ್ ಗ್ರೈಂಡರ್ ಎಲ್ಲ ಆಮೇಲೆ.

ಈ ಲೆಕ್ಕದಲ್ಲಿ ಮೊತ್ತ ಸ್ಟಿಕ್ಕರ್ ದಾಟಿದ್ದರೆ ಇಲ್ಲೇ ನಿಲ್ಲಿಸಿ. ಬ್ಯಾಗ್ ಹಾಕಿದರೆ ಗಾಡಿ ಮಟ್ಟವಾಗಿ ಕಾಣುತ್ತದೆ, ಮಿತಿ ಮೀರಿದ್ದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಆಗ ಬೇಕಿರುವುದು ಹಗುರ ಟ್ರೈಲರ್, ಇಲ್ಲವೇ ಒಂದು ಮೆಟ್ಟಿಲು ಮೇಲಿನ ಮುಕ್ಕಾಲು ಟನ್ ಪಿಕಪ್.

ಹಿಚ್ ಸರಿ ಮಾಡದೆ ಬ್ಯಾಗ್ ಕೊಳ್ಳಬೇಡಿ

ಅದೇ 910 ಪೌಂಡ್ ಹಿಡಿದುಕೊಂಡು ಮುಂದೆ ಹೋಗೋಣ. 2015ರಿಂದ 2020ರವರೆಗಿನ ಎಫ್-150 ಸೂಪರ್‌ಕ್ರೂ, ಅಂದರೆ ನಾಲ್ಕು ಬಾಗಿಲಿನ, ಗಿಡ್ಡ ಬೆಡ್ (ಹಿಂದಿನ ಸಾಮಾನು ತೊಟ್ಟಿ) ಇರುವುದರ ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 145 ಇಂಚು. ಹಿಚ್ ಬಾಲ್ (ಟ್ರೈಲರ್ ಕೂರುವ ಗುಂಡು) ಹಿಂದಿನ ಆಕ್ಸಲ್‌ನಿಂದ ಸುಮಾರು 60 ಇಂಚು ಹಿಂದಿದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್ ಏತದ ಕಂಬವಿದ್ದ ಹಾಗೆ. ಒಂದು ತುದಿ ತಗ್ಗಿದರೆ ಇನ್ನೊಂದು ಏಳುತ್ತದೆ. 910 ಅನ್ನು 60ರಿಂದ ಗುಣಿಸಿ 145ರಿಂದ ಭಾಗಿಸಿದರೆ 377. ಅಷ್ಟು ಪೌಂಡ್ ಮುಂದಿನ ಚಕ್ರಗಳಿಂದ ಎದ್ದುಹೋಯಿತು. ಹಿಂದಿನ ಆಕ್ಸಲ್ ಮೇಲೆ ಬಿದ್ದದ್ದು 910 ಅಲ್ಲ, 1,287. ಸ್ಟೀರಿಂಗ್ ಹಗುರವಾಗುವುದಕ್ಕೂ ಮಳೆಯಲ್ಲಿ ಮುಂದಿನ ಬ್ರೇಕ್ ಸರಿಯಾಗಿ ಹಿಡಿಯದಿರುವುದಕ್ಕೂ ಇದೇ ಕಾರಣ.

ಈಗ ಬ್ಯಾಗಿಗೆ ಗಾಳಿ ತುಂಬಿ ಹಿಂಭಾಗ ಎತ್ತಿ. ಗಾಡಿ ಮಟ್ಟಸವಾಯಿತು. ಆದರೆ ಮುಂದಿನ ಆಕ್ಸಲ್‌ನಲ್ಲಿ ಆ 377 ಈಗಲೂ ಇಲ್ಲ. ನೋಡುವವರಿಗೆ ಎಲ್ಲ ಸರಿ, ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಗೊತ್ತು.

ಆ ತೂಕವನ್ನು ಮುಂದಕ್ಕೆ ತಳ್ಳುವುದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಅದರ ಎರಡು ಸ್ಪ್ರಿಂಗ್ ಬಾರ್‌ಗಳು ಬಿಗಿದಾಗ, ಹಿಂದಿನ ಆಕ್ಸಲ್ ಮೇಲೆ ಬಿದ್ದ ಭಾರದ ಒಂದು ಪಾಲು ಪಿಕಪ್‌ನ ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲು ಟ್ರೈಲರ್‌ನ ಚಕ್ರಗಳಿಗೂ ಹೋಗುತ್ತದೆ. ಬಂಪರ್ ಕೆಳಗೆ ಹಿಚ್ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ) ಮೇಲಿನ ಸ್ಟಿಕ್ಕರ್ ನೋಡಿ. ಈ ಹಿಚ್ ಇಲ್ಲದಿದ್ದರೆ 5,000 ಪೌಂಡ್ ಟ್ರೈಲರ್, 500 ಪೌಂಡ್ ಭಾರ, ಅಷ್ಟಕ್ಕೇ ನಿಲ್ಲಿ ಎಂದು ಅನೇಕ ಹಾಫ್ ಟನ್‌ಗಳಲ್ಲಿ ಬರೆದಿರುತ್ತದೆ. 7,000 ಪೌಂಡ್ ಟ್ರೈಲರ್‌ಗೆ ಬ್ಯಾಗ್ ಮಾತ್ರ ಹಾಕಿ ಎಳೆಯುವುದು ಆ ಸ್ಟಿಕ್ಕರನ್ನೇ ಮೀರಿದಂತೆ. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಎಷ್ಟೋ ಸಲ ಈ ಹಿಚ್ಚನ್ನು ಸರಿಯಾಗಿ ಹೊಂದಿಸಿದರೆ ಬಾಲ ತಾನಾಗಿ ಏಳುತ್ತದೆ, ಬ್ಯಾಗಿನ ಖರ್ಚೇ ಉಳಿಯುತ್ತದೆ. ಇನ್ನೂ ಒಂದೆರಡು ಇಂಚು ಕುಸಿತ ಉಳಿದಿದೆ, ಹಳ್ಳದಲ್ಲಿ ಆಕ್ಸಲ್ ಫ್ರೇಮ್‌ಗೆ ತಾಗದಂತೆ ತಡೆಯುವ ರಬ್ಬರ್ ತುಂಡಿಗೆ, ಅಂದರೆ ಬಂಪ್ ಸ್ಟಾಪ್‌ಗೆ ಬಡಿಯುತ್ತಿದೆ, ಅಥವಾ ಬೆಡ್‌ನಲ್ಲಿ ಜನರೇಟರ್, ಸೌದೆ ಹೇರಿ ಒಂದು ಬದಿ ವಾಲುತ್ತಿದೆ ಎಂದಾದರೆ ಬ್ಯಾಗಿಗೆ ನಿಜವಾದ ಕೆಲಸವಿದೆ.

ಯಾವ ಬ್ಯಾಗ್?

ಗಾಡಿಯ ಕೆಳಗೆ ಬಗ್ಗಿ ನೋಡಿ. ಹಿಂದಿನ ಆಕ್ಸಲ್ ಉಕ್ಕಿನ ಪಟ್ಟಿಗಳ ಕಟ್ಟಿನ ಮೇಲೆ ಕೂತಿದ್ದರೆ ಲೀಫ್ ಸ್ಪ್ರಿಂಗ್. ಸುರುಳಿ ಇದ್ದರೆ ಕಾಯಿಲ್ ಸ್ಪ್ರಿಂಗ್. ಎಫ್-150, ಸಿಲ್ವರಾಡೊ ಲೀಫ್ ಬಳಗ. (ಬ್ಯಾಟರಿಯ ಲೈಟ್ನಿಂಗ್, 2021ರಿಂದ ಬಂದ ರ‍್ಯಾಪ್ಟರ್‌ನಂಥವು ಬೇರೆ.) ರಾಮ್ 1500 2009ರ ಮಾಡೆಲ್‌ನಿಂದ, ಟಂಡ್ರಾ 2022ರಿಂದ ಕಾಯಿಲ್. ಕಂಪನಿಯಿಂದಲೇ ಏರ್ ಸಸ್ಪೆನ್ಷನ್ ಹಾಕಿಸಿಕೊಂಡ ರಾಮ್ ಅಥವಾ ಟಂಡ್ರಾ ನಿಮ್ಮದಾಗಿದ್ದರೆ ಹೊರಗಿನ ಬ್ಯಾಗ್ ಹಾಕಲು ಹೋಗಲೇಬೇಡಿ. ಅದರ ಎತ್ತರ ಅಳೆಯುವ ಸೆನ್ಸರ್‌ಗೂ ನಿಮ್ಮ ಬ್ಯಾಗಿಗೂ ಜಗಳ ಶುರುವಾಗುತ್ತದೆ.

ಲೀಫ್ ಇದ್ದರೆ ಬ್ಯಾಗ್ ಕೂರುವ ಜಾಗ ಫ್ರೇಮ್ ಮತ್ತು ಆಕ್ಸಲ್ ನಡುವೆ, ಸಾಮಾನ್ಯವಾಗಿ ಬಂಪ್ ಸ್ಟಾಪ್ ಇದ್ದ ಕಡೆ. ಎರಡು ಮಡಿಕೆಯ ದಪ್ಪ ರಬ್ಬರ್ ಬ್ಯಾಗ್ ಹೆಚ್ಚು ಪ್ರಚಲಿತ. ಏರ್ ಲಿಫ್ಟ್ ಕಂಪನಿಯ ಲೋಡ್‌ಲಿಫ್ಟರ್ 5000, ಫೈರ್‌ಸ್ಟೋನ್‌ನ ರೈಡ್-ರೈಟ್ ಈ ಜಾತಿ. 5ರಿಂದ 100 ಪಿಎಸ್ಐ ನಡುವೆ ಓಡುತ್ತವೆ. ಏರ್ ಲಿಫ್ಟ್‌ನದೇ ರೈಡ್‌ಕಂಟ್ರೋಲ್ ಎನ್ನುವುದು ಇನ್ನೂ ಸಪೂರ, ಜೋಡಿಗೆ 2,000 ಪೌಂಡ್ ಮಟ್ಟದ್ದು. ಕಾಯಿಲ್ ಇದ್ದರೆ ಸುರುಳಿಯ ಹೊಟ್ಟೆಯೊಳಗೇ ತೂರಿಸುವ ಕೊಳವೆಯಾಕಾರದ ಬ್ಯಾಗ್: ಏರ್ ಲಿಫ್ಟ್ 1000, ಫೈರ್‌ಸ್ಟೋನ್ ಕಾಯಿಲ್-ರೈಟ್. ಏರ್ ಲಿಫ್ಟ್ 1000ರ ಮಿತಿ 35 ಪಿಎಸ್ಐ. ಲೀಫ್ ಬ್ಯಾಗಿನ ಅಭ್ಯಾಸದಲ್ಲಿ ಇದಕ್ಕೆ 60 ಹೊಡೆದರೆ ಹರಿದೇ ಹೋಗುತ್ತದೆ.

ಡಬ್ಬಿಯ ಮೇಲಿನ 5,000 ಪೌಂಡ್ ಎನ್ನುವುದು ಬ್ಯಾಗುಗಳ ಸ್ವಂತ ತಾಕತ್ತು. ನಿಮ್ಮ ಗಾಡಿಗೂ ಆ ಅಂಕಿಗೂ ಸಂಬಂಧವಿಲ್ಲ. ಒಂದು ಟನ್ ಪಿಕಪ್‌ಗೂ ಅದೇ ಜಾತಿಯ ಬ್ಯಾಗ್ ಮಾರುತ್ತಾರಲ್ವಾ, ಅದಕ್ಕೆ.

ದುಡ್ಡು ಸ್ವಲ್ಪ ಜಾಸ್ತಿ ಹಾಕುವುದಾದರೆ ಒಳಗೇ ರಬ್ಬರ್ ಬಂಪರ್ ಇರುವ ಮಾದರಿ ಕೊಳ್ಳಿ. ಲೋಡ್‌ಲಿಫ್ಟರ್ 5000 ಅಲ್ಟಿಮೇಟ್ ಅಂಥದ್ದು. ಬ್ಯಾಗ್ ಹಾಕಲು ಗಾಡಿಯ ಮೂಲ ಬಂಪ್ ಸ್ಟಾಪ್ ತೆಗೆದಿರುತ್ತೀರಿ. ದಾರಿಯಲ್ಲಿ ಗಾಳಿ ಸೋರಿಹೋದರೆ ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಒಳಗೆ ಬಂಪರ್ ಇದ್ದರೆ ಬ್ಯಾಗ್ ತಟ್ಟೆಗಳ ನಡುವೆ ಸಿಕ್ಕಿ ನಜ್ಜುಗುಜ್ಜಾಗುವುದಿಲ್ಲ.

ಡ್ಯಾಶ್‌ಬೋರ್ಡಿನಿಂದ ಅಥವಾ ಫೋನಿನಿಂದ ಗಾಳಿ ಏರಿಸಿ ಇಳಿಸುವ ಕಂಪ್ರೆಸರ್ ಕಿಟ್? ಮೊದಲ ವರ್ಷ ಬೇಡ. ಅಷ್ಟೇ ಖರ್ಚು ಇನ್ನೊಮ್ಮೆ, ವೈರಿಂಗ್ ಬೇರೆ, ಸೋರಲು ಇನ್ನಷ್ಟು ಜಾಗ. ಟೈರಿಗೆ ಗಾಳಿ ಹೊಡೆಯುವ ಪುಟ್ಟ ಪಂಪ್ ಸಾಕು. ವಾರವಾರ ಭಾರ ಬದಲಾಗುವವರಿಗೆ, ಕೆಲಸಕ್ಕೇ ಗಾಡಿ ಬಳಸುವವರಿಗೆ ಮಾತ್ರ ಅದು ಸಾರ್ಥಕ. ಗಾಳಿಯ ತಾಪತ್ರಯವೇ ಬೇಡ ಅನ್ನುವವರಿಗೆ ಟಿಂಬ್ರೆನ್, ಸೂಮೋಸ್ಪ್ರಿಂಗ್ಸ್ ಎಂಬ ಗಟ್ಟಿ ದಿಂಬುಗಳಿವೆ. ಸೋರುವುದಿಲ್ಲ, ಆದರೆ ಹೊಂದಿಸಲೂ ಆಗುವುದಿಲ್ಲ. ಪ್ರತಿಸಲವೂ ಅದೇ ಟ್ರೈಲರ್, ಅದೇ ಭಾರ ಅನ್ನುವವರಿಗೆ ಇವು ಕೆಟ್ಟ ಆಯ್ಕೆಯಲ್ಲ.

ಕಿಟ್ ಆರ್ಡರ್ ಮಾಡುವಾಗ ವರ್ಷ, ಮಾಡೆಲ್, ಟೂ ವೀಲ್ ಡ್ರೈವೋ ಫೋರ್ ವೀಲ್ ಡ್ರೈವೋ, ಗಾಡಿಯ ಎತ್ತರ ಏರಿಸುವ ಲಿಫ್ಟ್ ಮಾಡಿಸಿದ್ದೀರಾ ಎಲ್ಲ ಹೊಂದಿಸಿ ನೋಡಿ. ಒಂದು ವರ್ಷ ಆಚೀಚೆಯಾದರೂ ಬ್ರಾಕೆಟ್ ಕೂರದೇ ಹೋಗಬಹುದು.

ಅಳವಡಿಕೆ: ಲೀಫ್ ಸ್ಪ್ರಿಂಗ್ ಪಿಕಪ್

ಕೈಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರಿಗೆ ಇದು ಒಂದು ಶನಿವಾರದ ಕೆಲಸ. ಇನ್ನೊಬ್ಬರು ಜೊತೆಗಿದ್ದರೆ ಬೇಗ. ಬೇಕಾದದ್ದು: ಫ್ಲೋರ್ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ದಿಮ್ಮಿ, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಡ್ರಿಲ್, ಹರಿತವಾದ ಬ್ಲೇಡ್ ಅಥವಾ ಹೋಸ್ ಕಟರ್, ಸ್ಪ್ರೇ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು. ಕಿಟ್‌ನ ಕೈಪಿಡಿ ಪಕ್ಕದಲ್ಲೇ ಇರಲಿ. ಬೋಲ್ಟ್‌ಗಳ ಟಾರ್ಕ್ ಅದರಲ್ಲಿ ಇದ್ದಂತೆಯೇ, ಅಂದಾಜಿನಲ್ಲಿ ಬೇಡ.

ಗಾಡಿಯನ್ನು ಮಟ್ಟಸ ಕಾಂಕ್ರೀಟ್ ಮೇಲೆ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಅಡ್ಡ ಇಡಿ. ಖಾಲಿ ಗಾಡಿಯ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಿ: ಚಕ್ರದ ನಡುವಿಗೆ ಸರಿಯಾಗಿ, ನೆಲದಿಂದ ಫೆಂಡರ್ (ಮಡ್‌ಗಾರ್ಡ್) ಅಂಚಿನವರೆಗೆ. ಈ ನಾಲ್ಕು ಅಂಕಿ ಮುಂದೆ ಪದೇ ಪದೇ ಬೇಕಾಗುತ್ತವೆ.

ಹಿಂಭಾಗವನ್ನು ಫ್ರೇಮ್ ಹಿಡಿದು ಎತ್ತಿ, ಜ್ಯಾಕ್ ಸ್ಟ್ಯಾಂಡ್ ಫ್ರೇಮ್ ಕೆಳಗೇ ಕೊಡಿ. ಆಕ್ಸಲ್ ನಿಧಾನ ಕೆಳಗೆ ಇಳಿದು ಜೋತಾಡಬೇಕು, ಆಗಲೇ ಬ್ಯಾಗ್ ತೂರಿಸಲು ಜಾಗ. ಇಳಿಯುವಾಗ ಆಕ್ಸಲ್ ಮೇಲಿನ ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯದಂತೆ ಕಣ್ಣಿಡಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಚಕ್ರ ಬಿಚ್ಚದೆಯೂ ಮಾಡಬಹುದು, ಆದರೆ ಬಿಚ್ಚಿದರೆ ಬೆಳಕು, ಜಾಗ ಎರಡೂ ಸಿಗುತ್ತವೆ. ಸ್ಟೆಪ್ನಿ ಇಳಿಸಿಟ್ಟರೆ ಇನ್ನೂ ಆರಾಮ. ಬಂಪ್ ಸ್ಟಾಪ್ ಬಿಚ್ಚಿ. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ರಸ್ತೆಗೆ ಹಾಕುವ ಉಪ್ಪಿನಿಂದ ಈ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಬೆಳಿಗ್ಗೆ ತಲೆನೋವಿಲ್ಲ.

ಬ್ಯಾಗನ್ನು ನೆಲದ ಮೇಲೇ ಜೋಡಿಸಿಕೊಳ್ಳಿ: ಮೇಲಿನ ಬ್ರಾಕೆಟ್, ಬ್ಯಾಗಿನ ಅಂಚು ತಾಗುವ ದುಂಡು ತಟ್ಟೆ, ಬ್ಯಾಗ್, ಕೆಳಗಿನ ಬ್ರಾಕೆಟ್. ಗಾಳಿಯ ಫಿಟ್ಟಿಂಗ್ ಕೂಡ ಈಗಲೇ ತಿರುಗಿಸಿ ಹಾಕಿ. ಗಾಡಿ ಕೆಳಗೆ ಮಲಗಿ ಹಾಕಲು ಹೋದರೆ ಎಳೆ ತಪ್ಪುತ್ತದೆ. ಅದರ ಎಳೆಗಳ ಮೇಲೆ ಸೋರದಂತೆ ಅಂಟು ಮೊದಲೇ ಹಚ್ಚಿರುತ್ತಾರೆ, ಮತ್ತೆ ಟೇಪ್ ಸುತ್ತುವುದು ಬೇಡ. ಎಡಕ್ಕೂ ಬಲಕ್ಕೂ ಫಿಟ್ಟಿಂಗ್‌ನ ದಿಕ್ಕು ಬೇರೆ ಇರಬಹುದು. ಕೈಪಿಡಿಯ ಚಿತ್ರ ನೋಡಿ.

ಜೋಡಿಸಿದ್ದನ್ನು ಆಕ್ಸಲ್ ಮತ್ತು ಫ್ರೇಮ್ ನಡುವೆ ಕೂರಿಸಿ. ಮೇಲಿನ ಬ್ರಾಕೆಟ್ ಬಂಪ್ ಸ್ಟಾಪ್‌ನ ರಂಧ್ರಕ್ಕೆ ಅಥವಾ ಫ್ರೇಮ್‌ಗೆ, ಕೆಳಗಿನದು ಆಕ್ಸಲ್‌ಗೆ ಕ್ಲಾಂಪ್ ಅಥವಾ ಯು-ಬೋಲ್ಟ್‌ನಲ್ಲಿ. ಫ್ರೇಮ್ ಕೊರೆಯಲು ಕೈಪಿಡಿ ಹೇಳದಿದ್ದರೆ ಕೊರೆಯಬೇಡಿ. ಎಲ್ಲ ಬೋಲ್ಟ್ ಮೊದಲು ಕೈಯಲ್ಲಷ್ಟೇ ಬಿಗಿ ಮಾಡಿ. ಆಮೇಲೆ ಮುಂದಿನಿಂದ, ಪಕ್ಕದಿಂದ ಬ್ಯಾಗ್ ನೆಟ್ಟಗಿದೆಯಾ ನೋಡಿ. ಮೇಲಿನ ತಟ್ಟೆಯ ಕೆಳಗೆ ನೇರವಾಗಿ ಕೆಳಗಿನ ತಟ್ಟೆ ಬರಬೇಕು. ಓರೆಯಾಗಿ ಕೂತ ಬ್ಯಾಗ್ ಒಂದು ಮಗ್ಗುಲಲ್ಲೇ ಸವೆಯುತ್ತದೆ. ಸರಿ ಅನ್ನಿಸಿದ ಮೇಲೆಯೇ ಟಾರ್ಕ್ ರೆಂಚ್. ಬ್ರೇಕಿನ ಲೋಹದ ಪೈಪು ಯು-ಬೋಲ್ಟ್ ಕೆಳಗೆ ಸಿಕ್ಕಿದೆಯಾ ಎಂದು ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ ಕಡೆಯೇ ಅದು ಸಿಕ್ಕಿಹಾಕಿಕೊಳ್ಳುವುದು.

ಸೈಲೆನ್ಸರ್ ಪೈಪ್ ಹಾದುಹೋಗುವ ಬದಿಗೆ ಕಿಟ್‌ನಲ್ಲಿರುವ ಹೀಟ್ ಶೀಲ್ಡ್ ಬಗ್ಗಿಸಿ ಹಾಕಿ. ಅದು ಪೈಪಿಗೂ ಬ್ಯಾಗಿಗೂ ನಡುವೆ ಇರಬೇಕು, ಬ್ಯಾಗಿಗೆ ತಾಗಬಾರದು. ಗುಡ್ಡ ಹತ್ತುವಾಗ ಆ ಪೈಪ್ ಕಾಯುವ ಕಾವಿಗೆ ರಬ್ಬರ್ ಉಳಿಯುವುದಿಲ್ಲ.

ಗಾಳಿಯ ಕೊಳವೆ

ಸೋರುವ ಕಿಟ್‌ಗಳಲ್ಲಿ ಬ್ಯಾಗ್ ಕೆಟ್ಟಿರುವುದು ಅಪರೂಪ. ತಪ್ಪು ಇರುವುದು ಕೊಳವೆಯ ತುದಿಯಲ್ಲಿ. ಅದಕ್ಕೇ ಇಲ್ಲಿ ಅವಸರ ಬೇಡ.

ಕೊಳವೆಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ, ಒಳಗಿನ ರಬ್ಬರ್ ಉಂಗುರ ಸರಿಯಾಗಿ ಅಪ್ಪಿಕೊಳ್ಳುವುದಿಲ್ಲ. ಬ್ಲೇಡ್‌ನಿಂದ ನೇರ, ಲಂಬವಾಗಿ ಕತ್ತರಿಸಿ. ತುದಿಯಿಂದ 9/16 ಇಂಚು, ಅಂದರೆ 14 ಮಿಲಿಮೀಟರ್ ಅಳೆದು ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಫಿಟ್ಟಿಂಗ್‌ನೊಳಗೆ ತಳ್ಳಿ. ಮೊದಲು ಒಂದು ತಡೆ ಸಿಗುತ್ತದೆ. ಬಹಳ ಜನ ಅಲ್ಲೇ ನಿಲ್ಲಿಸುತ್ತಾರೆ. ಇನ್ನೊಮ್ಮೆ ಒತ್ತಿದರೆ ಗೆರೆಯವರೆಗೂ ಒಳಗೆ ಹೋಗಿ ಕೂರುತ್ತದೆ. ಜಗ್ಗಿ ನೋಡಿ, ಬರಬಾರದು. ಬಿಡಿಸಬೇಕಾದರೆ ಫಿಟ್ಟಿಂಗ್‌ನ ಅಂಚಿನ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದು ಎಳೆಯಬೇಕು.

ಕೊಳವೆಯನ್ನು ಫ್ರೇಮ್ ಉದ್ದಕ್ಕೂ ಜಿಪ್ ಟೈ ಹಾಕಿ ಒಯ್ಯಿರಿ. ಸೈಲೆನ್ಸರ್‌ನಿಂದ ದೂರ, ಚೂಪಾದ ಅಂಚಿನಿಂದ ದೂರ. ಟೈ ಬಿಗಿದು ಕೊಳವೆ ಹಿಸುಕಬಾರದು. ಬ್ಯಾಗಿನ ಹತ್ತಿರ ಸ್ವಲ್ಪ ಸಡಿಲ ಬಿಡಿ, ಆಕ್ಸಲ್ ಏರಿಳಿಯುತ್ತಲೇ ಇರುತ್ತದೆ.

ಗಾಳಿ ತುಂಬುವ ವಾಲ್ವ್ ಎಲ್ಲಿರಬೇಕು? ನಂಬರ್ ಪ್ಲೇಟ್ ಪಕ್ಕ ಅಥವಾ ಬಂಪರ್ ಕೆಳಗೆ 5/16 ಇಂಚು ರಂಧ್ರ ಕೊರೆದು ಹಾಕುವುದು ರೂಢಿ. ಮಂಡಿಯೂರದೆ ಕೈಗೆ ಸಿಗುವಂತಿರಲಿ. ಎರಡು ಬ್ಯಾಗಿಗೂ ಬೇರೆ ಬೇರೆ ವಾಲ್ವ್ ಇಡಿ. ಟಿ ಆಕಾರದ ಜೋಡಣೆ ಹಾಕಿ ಒಂದೇ ವಾಲ್ವ್ ಇಟ್ಟರೆ ಸುಲಭವೇನೋ ಹೌದು, ಆದರೆ ತಿರುವಿನಲ್ಲಿ ಹೊರಬದಿಯ ಬ್ಯಾಗ್ ಅಮುಕಿದಾಗ ಗಾಳಿ ಇನ್ನೊಂದಕ್ಕೆ ಓಡುತ್ತದೆ, ಗಾಡಿ ಇನ್ನಷ್ಟು ವಾಲುತ್ತದೆ. ಬೇರೆ ಬೇರೆ ಇದ್ದರೆ ಒಂದು ಬದಿಗೆ ಭಾರ ಹೆಚ್ಚಾದಾಗ ಆ ಕಡೆಗಷ್ಟೇ ಗಾಳಿ ಏರಿಸಬಹುದು.

ಸೋರಿಕೆ ಪರೀಕ್ಷೆ

ಚಕ್ರ ಹಾಕಿ ಗಾಡಿ ಇಳಿಸಿ. ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ: 2015ರ ನಂತರದ ಎಫ್-150ಕ್ಕೆ 150 ಪೌಂಡ್-ಫೂಟ್, ಸಿಲ್ವರಾಡೊ 1500ಕ್ಕೆ 140. ಬ್ಯಾಗಿಗೆ 30 ಪಿಎಸ್ಐ ತುಂಬಿ, ಪ್ರತಿ ಜೋಡಣೆಗೂ ಸೋಪಿನ ನೀರು ಹೊಡೆಯಿರಿ. ಗುಳ್ಳೆ ಎದ್ದರೆ ಕೊಳವೆ ಬಿಡಿಸಿ, ತುದಿ ಹೊಸದಾಗಿ ಕತ್ತರಿಸಿ, ಮತ್ತೆ ತೂರಿಸಿ. ಆಮೇಲೆ 70ರವರೆಗೆ ಏರಿಸಿ ರಾತ್ರಿಯಿಡೀ ಬಿಡಿ. ಉಬ್ಬಿದ ಬ್ಯಾಗಿನ ಸುತ್ತ ಎಲ್ಲ ಕಡೆ ಕನಿಷ್ಠ ಅರ್ಧ ಇಂಚು ಖಾಲಿ ಜಾಗ ಇರಬೇಕು: ಟೈರ್, ಬ್ರೇಕ್ ಪೈಪ್, ಸ್ಪ್ರಿಂಗ್ ಯಾವುದಕ್ಕೂ ತಾಗಬಾರದು.

ಬೆಳಿಗ್ಗೆ ಗೇಜ್ ಹಾಕಿ ನೋಡಿದಾಗ ಎರಡು ಮೂರು ಪಿಎಸ್ಐ ಕಮ್ಮಿ ಕಂಡರೆ ಗಾಬರಿ ಬೇಡ. ಬ್ಯಾಗಿನಲ್ಲಿ ಟೈರಿನಷ್ಟು ಗಾಳಿ ಹಿಡಿಸುವುದಿಲ್ಲ, ಗೇಜ್ ಒತ್ತಿದಾಗ ಹೊರಬರುವ ಗಾಳಿಯೇ ಅಷ್ಟು ಇಳಿಸುತ್ತದೆ. ಇದೇ ಕಾರಣಕ್ಕೆ ಗ್ಯಾಸ್ ಸ್ಟೇಷನ್‌ನ ಪಂಪ್ ಹಾಕಿದರೆ ಮುಳ್ಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜಿಗಿಯುತ್ತದೆ. ಒಂದೊಂದೇ ಸೆಕೆಂಡ್ ಹೊಡೆದು ನೋಡುತ್ತಾ ಹೋಗಿ. ಐದಕ್ಕಿಂತ ಜಾಸ್ತಿ ಇಳಿದಿದ್ದರೆ ಸೋಪಿನ ನೀರು ಮತ್ತೆ ಕೈಗೆ ತಗೊಳ್ಳಿ.

ಟ್ರೈಲರ್ ಸಿಕ್ಕಿಸಿ ಹೊಂದಿಸುವುದು

ಕ್ರಮ ಇಲ್ಲಿ ಬಹಳ ಮುಖ್ಯ. ಬ್ಯಾಗ್‌ಗಳನ್ನು ಕನಿಷ್ಠಕ್ಕೆ, ಅಂದರೆ 5 ಪಿಎಸ್ಐಗೆ ಇಳಿಸಿ. ಪ್ರಯಾಣಕ್ಕೆ ಹೇರುವ ಸಾಮಾನೆಲ್ಲ ಪಿಕಪ್‌ನಲ್ಲೂ ಟ್ರೈಲರ್‌ನಲ್ಲೂ ಇರಲಿ. ಮೊದಲು ಟ್ರೈಲರ್ ಇಲ್ಲದೆ ಮುಂದಿನ ಫೆಂಡರ್ ಎತ್ತರ ಅಳೆಯಿರಿ. 37.5 ಇಂಚು ಅಂತಿರಲಿ. ಬಾರ್‌ಗಳನ್ನು ಹಾಕದೆ ಟ್ರೈಲರ್ ಸಿಕ್ಕಿಸಿ ಮತ್ತೆ ಅಳೆಯಿರಿ: 38.5. ಮೂತಿ ಒಂದು ಇಂಚು ಎದ್ದಿದೆ. ಈಗ ಬಾರ್ ಬಿಗಿದು ಅಳೆದಾಗ 38 ಬಂದರೆ ಎದ್ದ ಎತ್ತರದ ಅರ್ಧ ವಾಪಸ್ ಬಂದಿತು. ಎಷ್ಟು ವಾಪಸ್ ಬರಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಓನರ್ಸ್ ಮ್ಯಾನ್ಯುಯಲ್‌ನ ಟೋಯಿಂಗ್ ಅಧ್ಯಾಯದಲ್ಲಿ ಬರೆದಿರುತ್ತದೆ. ಅದನ್ನು ಹಿಚ್‌ನಲ್ಲೇ ಸಾಧಿಸಿ. ಇದು ಮುಗಿದ ಮೇಲೆಯೇ ಬ್ಯಾಗಿಗೆ ಕೈ ಹಾಕಿ. 10, 15, 20, ಹೀಗೆ ಐದೈದೇ ಏರಿಸಿ, ಹಿಂಭಾಗ ಬೇಕಾದಷ್ಟು ಎದ್ದ ಕೂಡಲೇ ನಿಲ್ಲಿಸಿ. ಖಾಲಿ ಗಾಡಿಗಿಂತ ಎತ್ತರ ಏರಿಸಬೇಡಿ.

ಯಾಕೆ ಈ ಕ್ರಮ? ಮೊದಲೇ ಬ್ಯಾಗ್ ಉಬ್ಬಿಸಿ ಗಾಡಿ ಮಟ್ಟ ಮಾಡಿದರೆ ಹಿಚ್ ಸರಿಯಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಇನ್ನೊಂದು, ಹಿಂಭಾಗ ಎತ್ತಿದಷ್ಟೂ ಬಾರ್‌ಗಳ ಬಿಗಿ ಸಡಿಲವಾಗುತ್ತದೆ. ಅಂದರೆ ಮುಂದಕ್ಕೆ ಕಳಿಸಿದ ತೂಕ ಮತ್ತೆ ಹಿಂದಕ್ಕೆ ಬರುತ್ತದೆ. ಅದಕ್ಕೇ ಗಾಳಿ ತುಂಬಿದ ಮೇಲೆ ಮುಂದಿನ ಎತ್ತರ ಇನ್ನೊಮ್ಮೆ ಅಳೆಯಿರಿ, ಬೇಕಾದರೆ ಬಾರ್‌ನ ಸರಪಳಿ ಒಂದು ಕೊಂಡಿ ಏರಿಸಿ. ಹಿಚ್ ಹೊಂದಿಸಿದ ಮೇಲೂ ಮಟ್ಟಕ್ಕೆ ಬರಲು 60, 70 ಪಿಎಸ್ಐ ಬೇಕಾಯಿತು ಅಂದರೆ ಸಮಸ್ಯೆ ಬ್ಯಾಗಿನದಲ್ಲ. ಟ್ರೈಲರ್‌ನ ಮುಂಭಾಗದಲ್ಲಿ ಭಾರ ಅತಿಯಾಗಿದೆ, ಇಲ್ಲವೇ ಬಾರ್‌ಗಳ ತಾಕತ್ತು ಸಾಲದು.

ಆಮೇಲೆ ತೂಕದ ಕಟ್ಟೆಗೆ ಹೋಗಿ. ದೊಡ್ಡ ಟ್ರಕ್‌ಗಳು ನಿಲ್ಲುವ ಪೈಲಟ್, ಲವ್ಸ್‌ನಂಥ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರರದೂ ಬೇರೆ ಬೇರೆ ತೂಕ ಬರೆದ ಚೀಟಿ ಕೊಡುತ್ತಾರೆ. 24 ಗಂಟೆಯೊಳಗೆ ಮತ್ತೆ ತೂಗಿದರೆ ಚಾರ್ಜ್ ಕಮ್ಮಿ. ಮೂರು ಸಲ ತೂಗಿ: ಎಲ್ಲ ಬಿಗಿದು ಪ್ರಯಾಣದ ಸ್ಥಿತಿಯಲ್ಲಿ, ಬಾರ್ ಬಿಚ್ಚಿ, ಕೊನೆಗೆ ಪಿಕಪ್ ಒಂದನ್ನೇ. ಎರಡನೇ ಚೀಟಿಯ ಎರಡು ಪಿಕಪ್ ಆಕ್ಸಲ್‌ಗಳ ಮೊತ್ತದಿಂದ ಮೂರನೇ ಚೀಟಿಯ ಮೊತ್ತ ಕಳೆಯಿರಿ. ಅದೇ ನಿಮ್ಮ ನಿಜವಾದ ಹಿಚ್ ಭಾರ. ಮೊದಲ ಚೀಟಿಯ ಅಂಕಿಗಳನ್ನು ಫೋನಿನಲ್ಲಿಟ್ಟ ಸ್ಟಿಕ್ಕರ್ ಜೊತೆ ಹೋಲಿಸಿ. ಎರಡು ಆಕ್ಸಲ್‌ಗಳೂ, ಒಟ್ಟು ತೂಕವೂ ಮಿತಿಯೊಳಗಿರಬೇಕು. ಬಾರ್ ಬಿಗಿದಾಗ ಮುಂದಿನ ಆಕ್ಸಲ್‌ಗೆ ಎಷ್ಟು ವಾಪಸ್ ಬಂತು ಎಂಬುದೂ ಅದೇ ಚೀಟಿಗಳಲ್ಲಿ ಸಿಗುತ್ತದೆ. ಟೇಪ್ ಹಿಡಿದು ಅಳೆದದ್ದು ಅಂದಾಜು, ಚೀಟಿ ಲೆಕ್ಕ.

ಆಮೇಲಿನ ನಿಗಾ

ಐನೂರು ಮೈಲಿ ಓಡಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಟಾರ್ಕ್ ರೆಂಚ್ ಇನ್ನೊಮ್ಮೆ. ಹೊಸ ಬ್ರಾಕೆಟ್ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುವುದು ಸಹಜ. ಖಾಲಿ ಓಡಿಸುವಾಗ 5ರಿಂದ 10 ಪಿಎಸ್ಐ ಇಟ್ಟಿರಿ. ಸೊನ್ನೆ ಬೇಡ. ಗಾಳಿಯಿಲ್ಲದ ರಬ್ಬರ್ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ, ನಡುವೆ ಕಲ್ಲಿನ ಚೂರು ಸಿಕ್ಕರೆ ತೂತೇ. ಮಿಷಿಗನ್, ಮಿನೆಸೋಟ ಕಡೆ ಚಳಿ ಶುರುವಾದಾಗ ಒತ್ತಡ ಇಳಿಯುತ್ತದೆ, ಆಗೊಮ್ಮೆ ಗೇಜ್ ಹಾಕಿ ನೋಡಿ. ಗಾಡಿ ತೊಳೆಯುವಾಗ ಬ್ಯಾಗಿನ ಸುತ್ತಲಿನ ಉಪ್ಪು, ಕೆಸರಿಗೂ ನೀರು ಬಿಡಿ.

ಪ್ರವಾಸ ಮುಗಿಸಿ ಬಂದು ಟ್ರೈಲರ್ ಬಿಚ್ಚುವ ಮುನ್ನ ಗಾಳಿ ಇಳಿಸಿ. ಇಲ್ಲದಿದ್ದರೆ ಭಾರ ಹೋದ ಕೂಡಲೇ ಹಿಂಭಾಗ ಚಿಮ್ಮಿ ಏಳುತ್ತದೆ, ಬಾಲ್ ಅದನ್ನು ಅಪ್ಪಿಕೊಂಡ ಟ್ರೈಲರ್‌ನ ಕಪ್ಲರ್‌ನಲ್ಲಿ ಕಚ್ಚಿಕೊಳ್ಳುತ್ತದೆ.

ಟೈರ್ ಅಂಗಡಿಗೋ ಆಯಿಲ್ ಬದಲಿಸಲೋ ಹೋದಾಗ ಹುಡುಗರಿಗೆ ಮೊದಲೇ ಹೇಳಿಬಿಡಿ: ಗಾಡಿಗೆ ಬ್ಯಾಗ್ ಹಾಕಿದೆ, ಫ್ರೇಮ್ ಹಿಡಿದು ಎತ್ತುವುದಾದರೆ ಗಾಳಿ 5ಕ್ಕೆ ಇಳಿಸಿ ಎತ್ತಿ. ತುಂಬಿದ ಬ್ಯಾಗ್ ಆಕ್ಸಲ್ಲನ್ನು ಕೆಳಕ್ಕೆ ದೂಡುತ್ತಿರುತ್ತದೆ. ಗಾಡಿ ಗಾಳಿಯಲ್ಲಿ ತೂಗುವಾಗ ಆ ಒತ್ತಡವನ್ನು ಬಹುಪಾಲು ತಡೆದು ನಿಲ್ಲಿಸಬೇಕಾದದ್ದು ಶಾಕ್ ಅಬ್ಸಾರ್ಬರ್‌ಗಳು.